ಹೊಲ ಮಾರುವ ಮುಂಚೆ ಕಣ್ಣು ತೋರಿಸಿ

ಸುತ್ತೂರು ಜಾತ್ರೆಯಲ್ಲಿ ಪರಿಚಯದ ರೈತರೊಬ್ಬರು ಕೈಹಿಡಿದು ನಿಲ್ಲಿಸಿದರು. ಕೃಷಿಮೇಳ ನೋಡಿಕೊಂಡು ಬರುತ್ತಿದ್ದವರು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನೇರ ವಿಷಯಕ್ಕೇ ಬಂದರು. "ಮೇಷ್ಟ್ರೇ, ನಮ್ ಹುಡುಗ ಪೈಲಟ್ ಆಯ್ತೀನಿ ಅಂತ ಹಟ ಹಿಡ್ದವ್ನೆ. ಹೊಳೆ ಪಕ್ಕದ ಎರಡು ಎಕರೆಗೆ ಗಿರಾಕಿ ಬಂದವ್ರೆ. ಕೊಟ್ಬುಡ್ಲಾ?"

ಕಪಿಲೆ ದಂಡೆಯ ಗದ್ದೆ ಅದು. ವರ್ಷಕ್ಕೆ ಎರಡು ಬೆಳೆ ಕೊಡುವ ಭೂಮಿ. ನಾನು ಕೇಳಿದ್ದು ಒಂದೇ ಮಾತು: "ಹುಡುಗನ ಕಣ್ಣು ತೋರ್ಸಿದ್ದೀರಾ?"

ಅವರು ತಬ್ಬಿಬ್ಬಾದರು. ಕಣ್ಣಿಗೂ ಗದ್ದೆಗೂ ಏನು ಸಂಬಂಧ ಎಂಬಂತೆ ನೋಡಿದರು. ತರಬೇತಿಗೆ ಸೇರಿಸುವ ಕಚೇರಿಯೊಂದು ಫೀಸು, ಸಮವಸ್ತ್ರ, ಸಾಲ ಎಲ್ಲವನ್ನೂ ವಿವರಿಸಿತ್ತು, ಮುಂಗಡವನ್ನೂ ಕೇಳಿತ್ತು. ವೈದ್ಯಕೀಯ ಪರೀಕ್ಷೆಯ ಮಾತು ಬಂದಾಗ "ಅದೆಲ್ಲ ಆಮೇಲೆ ಆಗುತ್ತೆ" ಎಂದು ಕೈಬಿಟ್ಟಿತ್ತು. ಈ ಲೇಖನ ಬರೆಯಲು ಕೂತದ್ದೇ ಆ 'ಆಮೇಲೆ' ಎಂಬ ಮಾತಿನಿಂದಾಗಿ. ವಾಣಿಜ್ಯ ಪೈಲಟ್ ತರಬೇತಿಗೆ ಇಂದು ಅರ್ಧ ಕೋಟಿ ರೂಪಾಯಿ ದಾಟುವುದೂ ಉಂಟು. ಅಷ್ಟು ಹಣ ಕಟ್ಟಿದ ಮೇಲೆ ಮಗನ ಕಣ್ಣಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ ಎಂದು ಗೊತ್ತಾದರೆ, ಮಾರಿದ ಗದ್ದೆ ಮರಳಿ ಬರುವುದಿಲ್ಲ.

ನಂಜನಗೂಡು ರಸ್ತೆಯಲ್ಲಿ ಮೈಸೂರಿಗೆ ಹೋಗುವವರೆಲ್ಲ ಮಂಡಕಳ್ಳಿ ವಿಮಾನ ನಿಲ್ದಾಣವನ್ನು ದಾಟಿಯೇ ಹೋಗಬೇಕು. ಬಸ್ಸಿನ ಕಿಟಕಿಗೆ ಮುಖ ಒತ್ತಿ ಬೇಲಿಯಾಚೆ ನಿಂತ ಪುಟ್ಟ ತರಬೇತಿ ವಿಮಾನಗಳನ್ನು ನೋಡುವ ಮಕ್ಕಳನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಆಸೆ ಒಳ್ಳೆಯದು. ಆಸೆಗೆ ದಾರಿ ತೋರಿಸುವಾಗ ಮೊದಲ ಮೆಟ್ಟಿಲು ಯಾವುದೆಂದು ಹೇಳುವುದು ದೊಡ್ಡವರ ಕೆಲಸ.

ದೇಶದಲ್ಲಿ ಪೈಲಟ್ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ವೈದ್ಯಕೀಯ ಅರ್ಹತೆಯನ್ನು ತೀರ್ಮಾನಿಸುವುದೂ ಅದೇ. ವಿಶ್ವಸಂಸ್ಥೆಯ ಅಂಗವಾದ ಐಸಿಎಒ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ರೂಪಿಸಿದ ಮಾನದಂಡಗಳೇ ಇದಕ್ಕೆ ಆಧಾರ. ವೈದ್ಯಕೀಯ ಅರ್ಹತೆಯಲ್ಲಿ ಮೂರು ದರ್ಜೆಗಳಿವೆ. ಸಂಬಳಕ್ಕೆ ವಿಮಾನ ಹಾರಿಸುವವರಿಗೆ, ಅಂದರೆ ವಾಣಿಜ್ಯ ಪರವಾನಗಿ ಪಡೆಯುವವರಿಗೆ ಕ್ಲಾಸ್ 1. ಕಲಿಯುವ ವಿದ್ಯಾರ್ಥಿಗೆ ಮತ್ತು ಖಾಸಗಿಯಾಗಿ ಹಾರಿಸುವವರಿಗೆ ಕ್ಲಾಸ್ 2. ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ವಾಯು ಸಂಚಾರ ನಿಯಂತ್ರಕರಿಗೆ, ಅಂದರೆ ಎಟಿಸಿಯವರಿಗೆ ಕ್ಲಾಸ್ 3. ಗಗನಸಖಿಯರಿಗೆ ಪ್ರತ್ಯೇಕ ತಪಾಸಣೆ ಇದೆ.

ಇಷ್ಟು ಬಿಗಿ ಏಕೆ ಎಂದು ಕೇಳುವವರಿಗೆ ಊಟಿಯ ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯವರು ಬಂಡೀಪುರ ದಾಟಿ ಊಟಿಗೆ ಹೋಗಿ ಬಂದವರೇ. ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಎಂಜಲು ನುಂಗಿದರೆ ಪಟ್ ಎಂದು ಬಿಡುತ್ತದೆ. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ವಿಮಾನ 35,000 ಅಡಿಯಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8,000 ಅಡಿಯ, ಅಂದರೆ ಊಟಿಗಿಂತ ತುಸು ಮೇಲಿನ ಮಟ್ಟದಲ್ಲಿ ಇಟ್ಟಿರುತ್ತಾರೆ. ಪೈಲಟ್ ದಿನಕ್ಕೆ ಎರಡು ಮೂರು ಸಲ ಊಟಿ ಹತ್ತಿ ಇಳಿದಂತೆ. ಒತ್ತಡ ಕಡಿಮೆಯಾದಾಗ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಹುಳುಕು ಹಲ್ಲು, ಕಟ್ಟಿದ ಮೂಗು, ಸೋರುವ ಕಿವಿ ನೆಲದ ಮೇಲೆ ಸಣ್ಣ ತೊಂದರೆಗಳು. ವಿಮಾನ ಇಳಿಸುವ ಹೊತ್ತಿನಲ್ಲಿ ಅವೇ ಗಮನವನ್ನು ಕಿತ್ತುಕೊಳ್ಳುತ್ತವೆ. ಮೂತ್ರಪಿಂಡದ ಕಲ್ಲು ಸಿಕ್ಕರೆ ವೈದ್ಯರು ತಡೆಹಿಡಿಯುವುದೂ ಇದೇ ಕಾರಣಕ್ಕೆ. ಕಲ್ಲು ಜಾರಿದ ನೋವು ಅನುಭವಿಸಿದವರಿಗೆ ಗೊತ್ತು, ಆ ಗಳಿಗೆಯಲ್ಲಿ ಸೈಕಲ್ ಹ್ಯಾಂಡಲ್ ಹಿಡಿಯುವುದೂ ಆಗದ ಮಾತು. ಒಬ್ಬ ಪೈಲಟ್ ಇದ್ದಕ್ಕಿದ್ದಂತೆ ಅಶಕ್ತನಾಗುವ ಸಂಭವ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಹೆಚ್ಚಿರಬಾರದು ಎಂಬ ಲೆಕ್ಕವನ್ನು ವೈಮಾನಿಕ ವೈದ್ಯರು ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ.

ಈಗ ಕಣ್ಣಿನ ವಿಷಯ. ಇಲ್ಲಿ ತಪ್ಪು ತಿಳಿವಳಿಕೆ ಬಹಳ. "ಕನ್ನಡಕ ಬಂತು, ಇನ್ನು ಪೈಲಟ್ ಆಗೋದು ಆಗಲ್ಲ" ಎಂದು ಒಂಬತ್ತನೇ ತರಗತಿಯಲ್ಲೇ ಕನಸು ಬಿಟ್ಟ ಮಕ್ಕಳಿದ್ದಾರೆ. ವಾಯುಪಡೆಯ ಯುದ್ಧವಿಮಾನಕ್ಕೂ ನಾಗರಿಕ ವಿಮಾನಕ್ಕೂ ನಿಯಮ ಬೇರೆ ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ. ಸೇನಾ ಭರ್ತಿಯಲ್ಲಿ ಅಳೆಯುವ ಎತ್ತರ, ಎದೆಸುತ್ತಳತೆ, ಕೈಮೇಲಿನ ಹಚ್ಚೆ ಇವೆಲ್ಲ ನಾಗರಿಕ ಪರೀಕ್ಷೆಯ ತೂಕಕ್ಕೆ ಬರುವುದಿಲ್ಲ. ಕ್ಲಾಸ್ 1ಕ್ಕೆ ದೂರದೃಷ್ಟಿ ಒಂದೊಂದು ಕಣ್ಣಿಗೂ 6/9, ಎರಡೂ ಕಣ್ಣು ಸೇರಿ 6/6 ಇರಬೇಕು. ಕನ್ನಡಕ ಹಾಕಿಕೊಂಡು ಇಷ್ಟು ಕಂಡರೆ ಸಾಕು. ಕ್ಲಾಸ್ 2ಕ್ಕೆ ಇನ್ನೂ ಸಡಿಲ, ಒಂದೊಂದು ಕಣ್ಣಿಗೆ 6/12. ಕನ್ನಡಕದವರು ಹಾರುವಾಗ ಇನ್ನೊಂದು ಜೊತೆಯನ್ನು ಕೈಗೆಟುಕುವಂತೆ ಇಟ್ಟುಕೊಂಡಿರಬೇಕು, ಪ್ರಮಾಣಪತ್ರದಲ್ಲೇ ಹಾಗೆ ಬರೆದಿರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಬಣ್ಣದ್ದಾಗಿರಬಾರದು. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅದಕ್ಕೂ ಮುಂಚೆ ಕಣ್ಣಿನ ಪವರ್ ಎಷ್ಟಿತ್ತು ಎಂಬ ಚೀಟಿಯನ್ನು ಕಾಪಾಡಿಕೊಳ್ಳಬೇಕು. ಆಪರೇಷನ್ ಆದ ಮೇಲೆ ದೃಷ್ಟಿ ನಿಲ್ಲುವವರೆಗೆ ಕಾಯಬೇಕು.

ಬಣ್ಣದ ವಿಷಯ ಹೀಗಲ್ಲ, ಅದಕ್ಕೆ ಕನ್ನಡಕವಿಲ್ಲ. ಪರೀಕ್ಷೆಗೆ ಇಶಿಹಾರ ಎಂಬ ಪುಸ್ತಕ ಬಳಸುತ್ತಾರೆ. ಜಪಾನಿನ ವೈದ್ಯ ಶಿನೊಬು ಇಶಿಹಾರ ರೂಪಿಸಿದ್ದು. ಪುಟದ ತುಂಬ ಸಾಸಿವೆ, ಕಡಲೆ ಗಾತ್ರದ ಬಣ್ಣದ ಚುಕ್ಕೆಗಳು, ಅವುಗಳ ನಡುವೆ ಒಂದು ಅಂಕಿ ಅಡಗಿರುತ್ತದೆ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ, ಪರೀಕ್ಷೆಯ ರೀತಿ ಅರ್ಥವಾಗಲಿ ಎಂದೇ ಅದನ್ನು ಇಟ್ಟಿದ್ದಾರೆ. ಆಮೇಲೆ ಬರುವ 8 ಕೆಲವರಿಗೆ 3 ಆಗಿ ಕಾಣುತ್ತದೆ, 74 ಇರುವಲ್ಲಿ 21 ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಣ್ಣಿಗೆ ಅಲ್ಲಿ ಕಾಣುವುದೇ 21.

ಜಾತ್ರೆಯಲ್ಲಿ ನನ್ನನ್ನು ನಿಲ್ಲಿಸಿದವರ ಮಗನನ್ನು ನಾನು ಬಲ್ಲೆ, ನನ್ನ ಕ್ಲಾಸಿನಲ್ಲೇ ಕೂತಿದ್ದವನು. ಒಮ್ಮೆ ಅವರ ಟೊಮೆಟೊ ತೋಟದಲ್ಲಿ ಹಣ್ಣು ಬಿಡಿಸುವುದನ್ನು ನೋಡುತ್ತ ನಿಂತಿದ್ದೆ. ಅಮ್ಮ, ತಂಗಿ ಸಾಲಿನಲ್ಲಿ ಸರಸರ ಬಿಡಿಸಿಕೊಂಡು ಹೋಗುತ್ತಿದ್ದರು. ಇವನು ಒಂದೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಮೆತ್ತಗಿದ್ದರೆ ಕೀಳುತ್ತಿದ್ದ. ಸಾಲಿನಲ್ಲಿ ಯಾವಾಗಲೂ ಹಿಂದೆ. "ಸೋಮಾರಿ" ಎಂದು ಅಮ್ಮ ಬೈಯುತ್ತಿದ್ದರು, ಅವನು ನಗುತ್ತಿದ್ದ. ನನಗೂ ಆಗ ಹೊಳೆಯಲಿಲ್ಲ. ವಿಜ್ಞಾನ ಪಾಠ ಮಾಡುವವನಾಗಿ ಹೊಳೆಯಬೇಕಿತ್ತು. ಆ ಬೆರಳು ಕಣ್ಣಿನ ಕೆಲಸ ಮಾಡುತ್ತಿತ್ತು.

ಕೆಂಪು ಹಸಿರಿನ ಈ ದೋಷ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ, ಅದೂ ತಾಯಿಯ ಕಡೆಯ ಎಕ್ಸ್ ವರ್ಣತಂತುವಿನ ಮೂಲಕ. ತಾಯಿಗೆ ಎಲ್ಲ ಬಣ್ಣವೂ ಸರಿಯಾಗಿ ಕಾಣುತ್ತಿರಬಹುದು, ಆದರೂ ಆಕೆ ಅದನ್ನು ಹೊತ್ತಿದ್ದರೆ ಹುಟ್ಟುವ ಒಬ್ಬೊಬ್ಬ ಗಂಡುಮಗನಿಗೂ ಬರುವ ಸಂಭವ ಅರ್ಧಕ್ಕರ್ಧ. ಹಾಗಾಗಿ ಹುಡುಗನ ಸೋದರಮಾವನಿಗೋ ತಾಯಿಯ ತಂದೆಗೋ ಬಣ್ಣ ಗುರುತಿಸುವ ತೊಡಕು ಇದ್ದರೆ ಎಚ್ಚರವಿರಲಿ. ಹೆಣ್ಣುಮಕ್ಕಳಲ್ಲಿ ಇದು ಅಪರೂಪ. ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ರೂಢಿ ಇನ್ನೂ ಇದೆ. ಬಣ್ಣದ ದೋಷವಿರುವ ಸೋದರಮಾವನನ್ನು, ಆ ದೋಷವನ್ನು ಹೊತ್ತ ಅಕ್ಕನ ಮಗಳು ಮದುವೆಯಾದರೆ ಹೆಣ್ಣುಮಕ್ಕಳಿಗೂ ಅದು ಬರಬಹುದು. ಇಂಥ ಮನೆಗಳಲ್ಲಿ ಹುಡುಗಿಯರ ಕಣ್ಣನ್ನೂ ತೋರಿಸಬೇಕು.

ಇಶಿಹಾರದಲ್ಲಿ ಎಡವಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. ಮಾರ್ಟಿನ್ ಲ್ಯಾಂಟರ್ನ್ ಎಂಬ ಇನ್ನೊಂದು ಪರೀಕ್ಷೆ ಇದೆ. ಕತ್ತಲೆ ಕೋಣೆಯಲ್ಲಿ ದೂರದಿಂದ ಪುಟ್ಟ ದೀಪಗಳನ್ನು ತೋರಿಸಿ ಕೆಂಪೋ ಹಸಿರೋ ಬಿಳಿಯೋ ಎಂದು ಕೇಳುತ್ತಾರೆ. ಪುಸ್ತಕದ ಚುಕ್ಕೆಗಳಲ್ಲಿ ತಪ್ಪಿದರೂ ದೀಪದ ಬಣ್ಣವನ್ನು ತಪ್ಪಿಲ್ಲದೆ ಹೇಳಬಲ್ಲವರಿದ್ದಾರೆ. ಇದನ್ನು ತೀರ್ಮಾನಿಸಬೇಕಾದವರು ವೈಮಾನಿಕ ವೈದ್ಯರು. ಇಶಿಹಾರ ಪುಟಗಳನ್ನು ಉರು ಹೊಡೆಸಿ ಪಾಸು ಮಾಡಿಸುತ್ತೇವೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ರಾತ್ರಿ ರನ್‌ವೇ ಅಂಚಿನ ದೀಪ ಉರು ಹೊಡೆದ ಪಾಠದಂತೆ ಸರದಿಯಲ್ಲಿ ಬರುವುದಿಲ್ಲ.

ಕಿವಿಯ ಪರೀಕ್ಷೆಗೆ ಆಡಿಯೋಗ್ರಾಂ. ಕ್ಲಾಸ್ 1ಕ್ಕೆ 500, 1,000, 2,000 ಹರ್ಟ್ಸ್ ಸ್ವರಗಳಲ್ಲಿ ಕೇಳುವಿಕೆಯ ಕೊರತೆ 35 ಡೆಸಿಬೆಲ್ ಮೀರಬಾರದು, 3,000 ಹರ್ಟ್ಸ್‌ನಲ್ಲಿ 50 ಮೀರಬಾರದು. ಮೊದಲೇ ಪರೀಕ್ಷಿಸಿಕೊಳ್ಳಲು ನಮ್ಮವರು ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1960ರ ದಶಕದಿಂದ ಈ ಕೆಲಸವನ್ನೇ ಮಾಡುತ್ತಾ ಬಂದ ಸಂಸ್ಥೆ. ಹೊಳೆಯಲ್ಲಿ ಈಜಿ ಬೆಳೆದ ಮಕ್ಕಳಲ್ಲಿ ಕಿವಿ ಸೋರುವುದನ್ನು 'ಶೀತದ ಕಿವಿ' ಎಂದು ಎಣ್ಣೆ ಬಿಟ್ಟು ಸುಮ್ಮನಾಗುತ್ತಾರೆ. ಕಿವಿಯ ತಮಟೆಯಲ್ಲಿ ತೂತು ಉಳಿದುಬಿಟ್ಟರೆ ಹದಿನೆಂಟರ ವಯಸ್ಸಿನಲ್ಲಿ ಅದು ಅಡ್ಡ ಬರುತ್ತದೆ. ಕಿವಿಮೂಗುಗಂಟಲ ವೈದ್ಯರಿಗೆ ಬೇಗ ತೋರಿಸಿದರೆ ಮುಚ್ಚಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ, ಜಾತ್ರೆಯ ಧ್ವನಿವರ್ಧಕಗಳ ಎದುರು ಹೊತ್ತುಗಟ್ಟಲೆ ಇದ್ದು ಮರುದಿನ ಬೆಳಿಗ್ಗೆ ಆಡಿಯೋಗ್ರಾಂಗೆ ಕೂರಬೇಡಿ. ಕಿವಿಯ ಗುಗ್ಗೆಯನ್ನು ನಾಲ್ಕು ದಿನ ಮೊದಲೇ ವೈದ್ಯರಿಂದ ತೆಗೆಸಿಕೊಳ್ಳಿ, ಪಿನ್ನು ಹಾಕಿ ಕೆದಕಿದ ಕಿವಿ ಪರೀಕ್ಷೆಯ ದಿನ ಊದಿಕೊಂಡಿರುತ್ತದೆ.

ಉಳಿದ ತಪಾಸಣೆಗಳು ದೊಡ್ಡಾಸ್ಪತ್ರೆಯಲ್ಲಿ ಎಲ್ಲರಿಗೂ ಮಾಡುವಂಥವೇ: ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ, ರಕ್ತದೊತ್ತಡ, ತೂಕ. ಹರ್ನಿಯಾ, ಏರಿದ ಬಿಪಿ, ಹೆಚ್ಚಿದ ತೂಕ, ಕಲ್ಲು ಇವು ಸಿಕ್ಕರೆ 'ತಾತ್ಕಾಲಿಕವಾಗಿ ಅನರ್ಹ' ಎಂದು ಬರೆಯುತ್ತಾರೆ. ಆ ಪದ ನೋಡಿ ಮನೆಮಂದಿಯೆಲ್ಲ ಕುಸಿಯುವುದು ಬೇಡ. ಚಿಕಿತ್ಸೆ ಪಡೆದು ಕಾಗದಗಳೊಂದಿಗೆ ಮತ್ತೆ ಹೋಗಬೇಕು ಎಂಬುದಷ್ಟೇ ಅದರ ಅರ್ಥ. ಅಪಸ್ಮಾರ ಇದ್ದವರಿಗೆ, ಇನ್ಸುಲಿನ್ ಮೇಲೆ ಇರುವವರಿಗೆ ಐಸಿಎಒ ಮಾನದಂಡದಲ್ಲಿ ದಾರಿ ಮುಚ್ಚಿದೆ ಎಂದೇ ತಿಳಿಯಬೇಕು. ಎರಡು ವರ್ಷದ ಮಗುವಾಗಿದ್ದಾಗ ಜ್ವರದಲ್ಲಿ ಬಂದ ಫಿಟ್ಸ್ ಬೇರೆ, ಅಪಸ್ಮಾರ ಬೇರೆ. ಮನೆಯಲ್ಲಿ ಎರಡಕ್ಕೂ 'ಮೂರ್ಛೆ' ಎನ್ನುತ್ತೇವೆ, ಅರ್ಜಿಯಲ್ಲಿ ಆ ಒಂದು ಪದ ಬರೆದರೆ ಅನರ್ಥವಾಗುತ್ತದೆ. ಅಂದು ನೋಡಿದ ವೈದ್ಯರ ಚೀಟಿ ಇದ್ದರೆ ಹುಡುಕಿ ತೆಗೆದಿಡಿ. ಮುಚ್ಚಿಡಬೇಡಿ, ವಿವರಿಸಿ.

ಮುಚ್ಚಿಡುವ ಮಾತು ಬಂದಾಗ ನೆನಪಾಗುವುದು 2015ರ ಮಾರ್ಚ್ 24. ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಪೈಲಟ್ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ, 150 ಮಂದಿ ತೀರಿಕೊಂಡರು. ಆತ ಮನೋವ್ಯಾಧಿಗೆ ವೈದ್ಯರನ್ನು ಕಂಡಿದ್ದ, ಕೆಲಸಕ್ಕೆ ಹೋಗಬಾರದೆಂಬ ಚೀಟಿಯೂ ಇತ್ತು, ಕಂಪನಿಗೆ ಹೇಳಿರಲಿಲ್ಲ. ಪರವಾನಗಿ ಹೋದೀತು ಎಂಬ ಭಯವೇ ಜನರ ಬಾಯಿ ಮುಚ್ಚಿಸುತ್ತದೆ ಎಂಬುದನ್ನು ಜಗತ್ತು ಅಂದು ಕಲಿಯಿತು. 2023ರಲ್ಲಿ ಡಿಜಿಸಿಎ ಕೂಡ ಪೈಲಟ್‌ಗಳು ಮತ್ತು ಎಟಿಸಿಯವರ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿತು, ಸಹೋದ್ಯೋಗಿಗಳೇ ಆಸರೆಯಾಗುವ ವ್ಯವಸ್ಥೆ ಇರಲಿ ಎಂದಿತು. ಖಿನ್ನತೆಗೆ ಚಿಕಿತ್ಸೆ ಪಡೆದವನಿಗೆ ಬಾಗಿಲು ಶಾಶ್ವತವಾಗಿ ಮುಚ್ಚಬೇಕಿಲ್ಲ, ಚೇತರಿಸಿ ಸ್ಥಿರವಾದ ಮೇಲೆ ಮರುಪರಿಶೀಲನೆಗೆ ಹೋಗಬಹುದು.

ನಮಗೆ ಇನ್ನೂ ಹತ್ತಿರದ್ದು 2010ರ ಮೇ 22ರ ಮಂಗಳೂರು. ಮಂಡಕಳ್ಳಿಯ ಹೊಸ ಟರ್ಮಿನಲ್ ಅದೇ ತಿಂಗಳು ಉದ್ಘಾಟನೆಯಾಗಿತ್ತು, ನಮ್ಮ ಕಡೆಯ ಪತ್ರಿಕೆಗಳ ತುಂಬ ವಿಮಾನದ್ದೇ ಸಡಗರ. ಅದರ ನಡುವೆ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ಹೋದರು, ಎಂಟು ಮಂದಿ ಉಳಿದರು. ಎತ್ತರ, ವೇಗ ಹೊಂದದಿದ್ದರೂ ಇಳಿಸುವ ಪ್ರಯತ್ನವನ್ನು ಕ್ಯಾಪ್ಟನ್ ಬಿಡಲಿಲ್ಲ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ ಎಂದು ತನಿಖೆ ಹೇಳಿತು. ಅದಕ್ಕೆ ಒದಗಿದ ಕಾರಣಗಳಲ್ಲಿ ಒಂದು, ಕ್ಯಾಪ್ಟನ್ ಹಾರಾಟದಲ್ಲಿ ಬಹುಹೊತ್ತು ನಿದ್ದೆ ಮಾಡಿದ್ದು. ಧ್ವನಿಮುದ್ರಣದಲ್ಲಿ ಗೊರಕೆಯ ಸದ್ದು ದಾಖಲಾಗಿತ್ತು. ಗಾಢನಿದ್ದೆಯಿಂದ ಎದ್ದ ಮೇಲೆ ಸ್ವಲ್ಪ ಹೊತ್ತು ಮಿದುಳು ಮಂಕಾಗಿರುತ್ತದೆ, ನಿರ್ಧಾರ ತೂಗಿ ನೋಡಲಾಗುವುದಿಲ್ಲ. ರಾತ್ರಿ ನೀರು ಕಟ್ಟಲು ಹೋಗಿ ಗದ್ದೆ ಬದುವಿನಲ್ಲಿ ಮಲಗಿ ಎದ್ದವರಿಗೆ ಆ ಮಂಕು ಗೊತ್ತು. ವೈದ್ಯರು ತೂಕ, ಕುತ್ತಿಗೆ, ಗೊರಕೆ, ನಿದ್ದೆ ಎಂದು ಕೇಳುವಾಗ ಬೇಸರಪಡದೆ ಉತ್ತರಿಸಬೇಕಾದದ್ದು ಈ ಕಾರಣಕ್ಕೆ.

ಪ್ರಮಾಣಪತ್ರ ಸಿಕ್ಕಿದ ಮೇಲೂ ದೇಹದ ಲೆಕ್ಕ ಮುಗಿಯುವುದಿಲ್ಲ. ಕ್ಲಾಸ್ 1ರ ಅವಧಿ ಸಾಮಾನ್ಯವಾಗಿ 12 ತಿಂಗಳು, 60 ದಾಟಿದವರಿಗೆ 6 ತಿಂಗಳು. ನಡುವೆ ಕಾಯಿಲೆ ಬಿದ್ದರೆ, ಆಪರೇಷನ್ ಆದರೆ, ಗರ್ಭ ನಿಂತರೆ ತಿಳಿಸಬೇಕು. ಕೆಲಸಕ್ಕೆ ಸೇರಿದ ಮೇಲೆ ಹಾರಾಟಕ್ಕೆ ಮುನ್ನ ಉಸಿರಿನ ಪರೀಕ್ಷೆ ಇರುತ್ತದೆ. ಅಲ್ಲಿ ಮದ್ಯದ ಅಂಶ ಶೂನ್ಯವೇ ಆಗಿರಬೇಕು. ಮದ್ಯಾಂಶವಿರುವ ಮೌತ್‌ವಾಶ್, ಹಲ್ಲಿನ ಜೆಲ್‌ಗಳನ್ನೂ 2023ರ ನಿಯಮ ಬೇಡವೆಂದಿದೆ. ನಮ್ಮ ಕಡೆಯವರಿಗೆ ಇನ್ನೊಂದು ಮಾತು ಸೇರಿಸಬೇಕು. ಸದ್ವೈದ್ಯಶಾಲೆಯ ಊರು ನಂಜನಗೂಡು, ಆಯುರ್ವೇದ ಇಲ್ಲಿ ಮನೆಮನೆಯ ಔಷಧಿ. ಅರಿಷ್ಟ, ಆಸವಗಳು ಹುದುಗಿ ತಯಾರಾಗುವಂಥವು, ಹಾಗಾಗಿ ಅವುಗಳಲ್ಲಿ ಸಹಜವಾಗಿಯೇ ಮದ್ಯಾಂಶ ಇರುತ್ತದೆ. ಅಜ್ಜಿ ಕೊಟ್ಟ ಎರಡು ಚಮಚ ದಶಮೂಲಾರಿಷ್ಟ ಕುಡಿದು ಡ್ಯೂಟಿಗೆ ಹೋಗುವ ಮುಂಚೆ ಕಂಪನಿಯ ವೈದ್ಯರನ್ನು ಕೇಳಬೇಕು.

ಇನ್ನು ಪರೀಕ್ಷೆ ಮಾಡಿಸುವ ಬಗೆ. ಮೊದಲು ಡಿಜಿಸಿಎಯ ಇಜಿಸಿಎ ಜಾಲತಾಣದಲ್ಲಿ ನೋಂದಣಿ. ಆಮೇಲೆ ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಒಬ್ಬರಿಂದ ಕ್ಲಾಸ್ 2. ಆ ವೈದ್ಯರ ಪಟ್ಟಿ ಡಿಜಿಸಿಎ ತಾಣದಲ್ಲೇ ಇದೆ, ಪಟ್ಟಿಯಲ್ಲಿ ಇಲ್ಲದ ವೈದ್ಯರು ಎಷ್ಟು ದೊಡ್ಡವರಾದರೂ ಅವರ ಚೀಟಿ ನಡೆಯುವುದಿಲ್ಲ. ವರದಿ ಡಿಜಿಸಿಎಗೆ ಹೋಗಿ, ಅಲ್ಲಿಂದ ಅರ್ಹತೆ ಬಂದ ಮೇಲೆಯೇ ಕ್ಲಾಸ್ 1. ಅದಕ್ಕೆ ನಮ್ಮವರಿಗೆ ಅನುಕೂಲವಾದದ್ದು ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. 1957ರಲ್ಲಿ ಶುರುವಾದ ಸಂಸ್ಥೆ. ಗಗನಯಾತ್ರಿ ರಾಕೇಶ್ ಶರ್ಮಾ ಅವರಿಂದ ಹಿಡಿದು ಗಗನಯಾನಕ್ಕೆ ಆಯ್ಕೆಯಾದವರವರೆಗೆ ದೇಹ ತಪಾಸಣೆ ನಡೆದದ್ದು ಇಲ್ಲಿ. ಆ ಗೇಟಿನ ಮುಂದೆ ನಿಂತಾಗ ಹಳ್ಳಿ ಹುಡುಗನೊಬ್ಬನಿಗೆ ಆಗುವ ಹೆಮ್ಮೆಯನ್ನು ನಾನು ಊಹಿಸಬಲ್ಲೆ. ಡಿಜಿಸಿಎ ಮಾನ್ಯತೆ ಪಡೆದ ಬೇರೆ ಕೇಂದ್ರಗಳೂ ಇವೆ. ಎಲ್ಲೇ ಆದರೂ ದಿನಾಂಕ ಮೊದಲೇ ಗೊತ್ತು ಮಾಡಿಕೊಂಡು, ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಉಳಿದು, ನಿದ್ದೆ ಮಾಡಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಮೈಸೂರಿನಿಂದ ನಡುರಾತ್ರಿ ಬಸ್ಸು ಹತ್ತಿ ನೇರ ಹೋದವರ ಬಿಪಿ ಏರಿರುತ್ತದೆ.

ತೀರ್ಮಾನ ಸರಿಯಿಲ್ಲ ಅನಿಸಿದರೆ ಮೇಲ್ಮನವಿಗೆ ಅವಕಾಶವಿದೆ. ವಾದ ಮಾಡುವುದರಿಂದ ಏನೂ ಆಗದು, ತಜ್ಞ ವೈದ್ಯರ ಲಿಖಿತ ಅಭಿಪ್ರಾಯ ಮತ್ತು ಹೊಸ ವರದಿ ಬೇಕು.

ಎಟಿಸಿ ಕೆಲಸದ ಬಗ್ಗೆ ನಮ್ಮ ಪಿಯು ಕಾಲೇಜುಗಳಲ್ಲಿ ಮಾತೇ ಇಲ್ಲದಿರುವುದು ನನಗೆ ಬೇಸರದ ವಿಷಯ. ಭೌತಶಾಸ್ತ್ರ, ಗಣಿತದೊಂದಿಗೆ ಬಿಎಸ್ಸಿ ಮಾಡಿದವರು, ಎಂಜಿನಿಯರಿಂಗ್ ಮಾಡಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ಸೇರಬಹುದು, ಕ್ಲಾಸ್ 3 ಪಾಸಾಗಬೇಕು. ತರಬೇತಿಗೆ ಗದ್ದೆ ಮಾರಬೇಕಿಲ್ಲ. ಕೂತಲ್ಲೇ ಮಾಡುವ ಕೆಲಸವಾದರೂ ಅಲ್ಲಿಯೂ ಬಣ್ಣ, ಕಿವಿ, ಸ್ಪಷ್ಟ ಮಾತು ಬೇಕೇ ಬೇಕು.

ಜಾತ್ರೆಯಾದ ಮುಂದಿನ ವಾರ ಅಪ್ಪ ಮಗ ಇಬ್ಬರೂ ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಹುಡುಗ 12 ಸರಿಯಾಗಿ ಹೇಳಿದ, 74ಕ್ಕೆ 21 ಎಂದ. ಆ ಸಂಜೆ ಮನೆಗೆ ಬಂದು ಕೂತವರು ಕಾಫಿ ಮುಟ್ಟಲಿಲ್ಲ. ಲ್ಯಾಂಟರ್ನ್ ಪರೀಕ್ಷೆಯ ವಿಷಯ ಹೇಳಿದೆ. ಹುಡುಗ ನನ್ನ ಮೊಬೈಲಿನಲ್ಲೇ ಇಜಿಸಿಎ ನೋಂದಣಿ ಶುರುಮಾಡಿದ. ನಂಬರ್ ತುಂಬುವಲ್ಲಿ ಸೈಬರ್ ಸೆಂಟರಿನವರ ನಂಬರ್ ಹಾಕಲು ಹೊರಟಿದ್ದ, ತಡೆದೆ. ಒಟಿಪಿ, ವರದಿ, ಮುಂದಿನ ವರ್ಷಗಳ ಪತ್ರವ್ಯವಹಾರ ಎಲ್ಲ ಬರುವುದು ಅದೇ ನಂಬರಿಗೆ, ಅದೇ ಇಮೇಲ್‌ಗೆ. ಸ್ವಂತದ್ದೇ ಇರಬೇಕು. ಹೆಸರು, ಹುಟ್ಟಿದ ದಿನಾಂಕ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಬೇಕು. ಅವನ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇತ್ತು.

"ಗಿರಾಕಿಗೆ ಏನಂತ ಹೇಳ್ಲಿ ಮೇಷ್ಟ್ರೇ?" ಎಂದರು ಅಪ್ಪ.

"ಲ್ಯಾಂಟರ್ನ್ ಆಗ್ಲಿ, ಆಮೇಲೆ ಹೇಳಿ."

ಹುಡುಗ ಆಗಲೇ ಆಧಾರ್ ತಿದ್ದುಪಡಿಗೆ ನಂಜನಗೂಡಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸಿದೆ ಎಂದು ತಂಗಿಯನ್ನು ಫೋನಿನಲ್ಲಿ ಕೇಳುತ್ತಿದ್ದ.